ಕೊಬ್ಬು ಕಟ್ಟುವ ಕಿಣ್ವಗಳು: ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬ ಪ್ರಶ್ನೆ

ಹುಟ್ಟುವಾಗಲೇ ಮೈಯಲ್ಲಿ ಕೊಬ್ಬಿನ ಅಂಗಾಂಶ ಹೆಚ್ಚುಕಡಿಮೆ ಇಲ್ಲದ ಮಕ್ಕಳಿದ್ದಾರೆ. ತೀರಾ ಅಪರೂಪವಾದ ಈ ಆನುವಂಶಿಕ ಕಾಯಿಲೆಯನ್ನು ವೈದ್ಯರು ಜನ್ಮಜಾತ ಲಿಪೊಡಿಸ್ಟ್ರೋಫಿ ಎಂದು ಕರೆಯುತ್ತಾರೆ. ಅಂಥ ಮಗುವಿನ ಕೆನ್ನೆ ತುಂಬಿರುವುದಿಲ್ಲ. ತೋಳು ತೊಡೆಗಳ ಸ್ನಾಯುಗಳು ಕಸರತ್ತು ಮಾಡಿದವರ ಸ್ನಾಯುಗಳಂತೆ ಎದ್ದು ಕಾಣುತ್ತವೆ, ಚರ್ಮದಡಿಯ ರಕ್ತನಾಳಗಳನ್ನು ಒಂದೊಂದಾಗಿ ಎಣಿಸಬಹುದು. ಎಷ್ಟು ಉಣಿಸಿದರೂ ಹಸಿವು ತಣಿಯುವುದಿಲ್ಲ. ಯಕೃತ್ತಿನಲ್ಲಿ ಕೊಬ್ಬು ತುಂಬಿ, ಅದು ಊದಿಕೊಂಡು, ಹೊಟ್ಟೆ ಮುಂದೆ ಬಂದಿರುತ್ತದೆ. ರಕ್ತ ತೆಗೆದು ಪರೀಕ್ಷಾ ಕೊಳವೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕೆಂಪು ಕಣಗಳು ತಳಕ್ಕಿಳಿಯುತ್ತವೆ. ಆಗ ತಿಳಿಹಳದಿಯಾಗಿ ಕಾಣಬೇಕಾದ ಮೇಲಿನ ದ್ರವವು ಇವರಲ್ಲಿ ಹಲವರಿಗೆ ಹಾಲಿನಂತೆ ಬೆಳ್ಳಗಿರುತ್ತದೆ. ಎಲ್ಲಿಯೂ ನೆಲೆ ಸಿಗದ ಕೊಬ್ಬು ಅದರಲ್ಲಿ ತೇಲುತ್ತಿರುತ್ತದೆ. ಹದಿಹರೆಯದ ಹೊತ್ತಿಗೆ ಅನೇಕರಿಗೆ ಮಧುಮೇಹ ಬಂದಿರುತ್ತದೆ, ಅದೂ ಭಾರಿ ಪ್ರಮಾಣದ ಇನ್ಸುಲಿನ್‌ಗೂ ಸುಲಭವಾಗಿ ಜಗ್ಗದ ಮಧುಮೇಹ.

ಈ ಕಾಯಿಲೆಯ ಒಂದು ಬಗೆಗೆ ಕಾರಣ 2002ರಲ್ಲಿ ತಿಳಿಯಿತು. ಎಜಿಪಿಎಟಿ-2 ಎಂಬ ಕಿಣ್ವವನ್ನು ರೂಪಿಸುವ ವಂಶವಾಹಿ ಈ ಕಾಯಿಲೆಯಿದ್ದ ಕೆಲವು ಕುಟುಂಬಗಳಲ್ಲಿ ಕೆಟ್ಟಿತ್ತು. ಕೊಬ್ಬಿನ ಕೋಶಗಳಲ್ಲಿ ಟ್ರೈಗ್ಲಿಸರೈಡ್, ಅಂದರೆ ಮೈ ಕೂಡಿಡುವ ರೂಪದ ಕೊಬ್ಬು, ಕಟ್ಟುವ ಸಾಲಿನಲ್ಲಿ ನಡುವೆ ನಿಂತು ಕೆಲಸ ಮಾಡುವ ಕಿಣ್ವವದು. ಅಂಗೈ, ಅಂಗಾಲುಗಳಲ್ಲಿ ಮೆತ್ತೆಯಂತೆ ಇರುವ ಕೊಬ್ಬು ಈ ರೋಗಿಗಳಲ್ಲಿ ಉಳಿದಿರುತ್ತದೆ, ಶಕ್ತಿಯನ್ನು ಕೂಡಿಡುವ ಕೊಬ್ಬು ಮಾತ್ರ ಇರುವುದಿಲ್ಲ. ಅಂದರೆ ಕೊಬ್ಬು ತಯಾರಿಸುವ ಕಿಣ್ವವೊಂದು ಇಲ್ಲವಾದ ಕಾರಣಕ್ಕೆ ಮೈ ತೆಳ್ಳಗಾಯಿತು ಎಂಬುದು ನಿಜ; ಅದರೊಂದಿಗೇ ಅತಿ ಬೊಜ್ಜಿನವರಲ್ಲಿ ಕಾಣುವ ಕಾಯಿಲೆಗಳು ಇನ್ನಷ್ಟು ಉಗ್ರ ರೂಪದಲ್ಲಿ ಬಂದವು ಎಂಬುದೂ ಅಷ್ಟೇ ನಿಜ.

ಬೊಜ್ಜಿಗೆ ಕಾರಣವಾದ ಕಿಣ್ವ ಪತ್ತೆಯಾಗಿದೆ, ಅದನ್ನು ತಡೆದ ಇಲಿಗಳು ತೆಳ್ಳಗಾಗಿವೆ, ಇನ್ನು ಗುಳಿಗೆ ಬರುವುದೊಂದೇ ಬಾಕಿ ಎಂಬ ಧಾಟಿಯ ವರದಿಗಳನ್ನು ಓದಿದಾಗಲೆಲ್ಲ ನನಗೆ ಈ ಮಕ್ಕಳ ನೆನಪಾಗುತ್ತದೆ. ಅಂಥ ವರದಿಗಳು ಕಳೆದ ಎರಡೂವರೆ ದಶಕಗಳಿಂದ ಬರುತ್ತಲೇ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಪ್ರತಿ 8 ಜನರಲ್ಲಿ ಒಬ್ಬರು ಬೊಜ್ಜಿನೊಂದಿಗೆ ಬದುಕುತ್ತಿದ್ದರು; ಒಟ್ಟು ಸಂಖ್ಯೆ 100 ಕೋಟಿಯನ್ನು ದಾಟಿತ್ತು. ಇಷ್ಟು ಜನರಿಗೆ ಸಂಬಂಧಿಸಿದ ವಿಷಯದಲ್ಲಿ ಕಿಣ್ವಗಳು ಮಾಡುವುದೇನು, ಮಾಡದಿರುವುದೇನು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನಾನು ಇಲ್ಲಿ ಮುಂದಿಡುವ ವಾದ ಒಂದೇ: ತೂಕದ ಲೆಕ್ಕ ಬೇರೆ, ಚಯಾಪಚಯದ ಆರೋಗ್ಯದ ಲೆಕ್ಕ ಬೇರೆ; ಕೊಬ್ಬು ಕಟ್ಟುವ ಕಿಣ್ವಗಳ ಕೈ ಹೆಚ್ಚಾಗಿ ಇರುವುದು ಎರಡನೆಯದರಲ್ಲಿ, ಅಲ್ಲಿಯೂ ಅವು ಎಷ್ಟು ಕೊಬ್ಬು ಕಟ್ಟುತ್ತವೆ ಎಂಬುದಕ್ಕಿಂತ ಯಾವ ಅಂಗದಲ್ಲಿ ಕಟ್ಟುತ್ತವೆ ಎಂಬುದೇ ಮುಖ್ಯ.

ಮೊದಲು ಕೊಬ್ಬು ತಯಾರಾಗುವ ಬಗೆಯನ್ನು ನೋಡೋಣ. ತಿಂದ ಸಕ್ಕರೆ, ಪಿಷ್ಟಗಳು ಗ್ಲೂಕೋಸ್ ಆಗಿ ಕೋಶವನ್ನು ಸೇರಿ, ಅಲ್ಲಿ ಒಡೆದು, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದೊಳಗೆ ಎರಡು ಇಂಗಾಲದ ತುಣುಕುಗಳಾಗುತ್ತವೆ. ಈ ತುಣುಕಿನ ಹೆಸರು ಅಸಿಟೈಲ್ ಕೋ-ಎ. ತಕ್ಷಣಕ್ಕೆ ಬೇಕಾದ ಶಕ್ತಿ ಸಿಕ್ಕ ಮೇಲೂ ತುಣುಕುಗಳು ಉಳಿದರೆ, ಅವು ಸಿಟ್ರೇಟ್ ರೂಪದಲ್ಲಿ ಮೈಟೊಕಾಂಡ್ರಿಯದಿಂದ ಹೊರಬರುತ್ತವೆ, ಹೊರಗೆ ಎಸಿಎಲ್‌ವೈ ಎಂಬ ಕಿಣ್ವ ಸಿಟ್ರೇಟನ್ನು ಒಡೆದು ಅಸಿಟೈಲ್ ಕೋ-ಎ ಅನ್ನು ಮತ್ತೆ ಬಿಡಿಸಿಕೊಡುತ್ತದೆ. ಅಲ್ಲಿಂದ ಮುಂದಿನ ಹೆಜ್ಜೆ ಅಸಿಟೈಲ್ ಕೋ-ಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವದ್ದು; ಚಿಕ್ಕದಾಗಿ ಎಸಿಸಿ ಎನ್ನೋಣ. ಅದು ಬಯೋಟಿನ್ ಎಂಬ ವಿಟಮಿನ್ನಿನ ನೆರವಿನಿಂದ ಇನ್ನೊಂದು ಇಂಗಾಲವನ್ನು ಸೇರಿಸಿ, ಮೆಲೋನೈಲ್ ಕೋ-ಎ ಎಂಬ ಮೂರು ಇಂಗಾಲದ ವಸ್ತುವನ್ನು ಮಾಡುತ್ತದೆ. ಇಡೀ ಸಾಲಿನ ವೇಗವನ್ನು ನಿರ್ಧರಿಸುವುದು ಬಹುಮಟ್ಟಿಗೆ ಇದೇ ಹೆಜ್ಜೆ.

ನಂತರದ ಕೆಲಸ, ಕೊಬ್ಬಿನ ಮೂಲ ತುಣುಕುಗಳಾದ ಕೊಬ್ಬಿನಾಮ್ಲಗಳನ್ನು ಕಟ್ಟುವ ಫ್ಯಾಟಿ ಆಸಿಡ್ ಸಿಂಥೇಸ್‌ನದು. ಈ ಕಿಣ್ವವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಜೀವಕೋಶದ ಕೌಶಲ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗಗಳು ಕಡಿಮೆ. ಒಂದೇ ಬಗೆಯ ಎರಡು ಉದ್ದನೆಯ ಪ್ರೋಟೀನ್ ಸರಪಳಿಗಳು ಅಡ್ಡಲಾಗಿ ಹೆಣೆದುಕೊಂಡು ಗುಣಾಕಾರ ಚಿಹ್ನೆಯಂಥ ಆಕಾರ ತಾಳಿರುತ್ತವೆ. ಪ್ರತಿಯೊಂದರಲ್ಲೂ ಬೇರೆ ಬೇರೆ ಕೆಲಸದ ಕಟ್ಟೆಗಳಿರುತ್ತವೆ. ಬೆಳೆಯುತ್ತಿರುವ ಕೊಬ್ಬಿನಾಮ್ಲದ ಸರಪಳಿಯನ್ನು ಪುಟ್ಟ ತೋಳೊಂದು ಹಿಡಿದುಕೊಂಡು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಸಾಗಿಸುತ್ತ ಹೋಗುತ್ತದೆ. ಒಂದು ಸುತ್ತಿಗೆ ಎರಡು ಇಂಗಾಲಗಳು ಸೇರುತ್ತವೆ. ಏಳು ಸುತ್ತು ಮುಗಿದಾಗ 16 ಇಂಗಾಲಗಳ ಪಾಲ್ಮಿಟಿಕ್ ಆಮ್ಲ ಸಿದ್ಧವಾಗಿರುತ್ತದೆ, ಆಗ ಕೊನೆಯ ಕಟ್ಟೆ ಅದನ್ನು ಕತ್ತರಿಸಿ ಹೊರಗೆ ಬಿಡುತ್ತದೆ. ಇಷ್ಟು ಕೆಲಸಕ್ಕೆ ಸಾಕಷ್ಟು ಶಕ್ತಿ ವ್ಯಯವಾಗುತ್ತದೆ. ಸಕ್ಕರೆಯನ್ನು ಕೊಬ್ಬಾಗಿ ಪರಿವರ್ತಿಸಿ ಕೂಡಿಡುವಾಗ ಅದರಲ್ಲಿದ್ದ ಶಕ್ತಿಯ ಹೆಚ್ಚುಕಡಿಮೆ ಕಾಲುಭಾಗ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. ತಿಂದ ಕೊಬ್ಬನ್ನು ಕೊಬ್ಬಾಗಿಯೇ ಇಡುವುದಕ್ಕೆ ತಗಲುವ ವೆಚ್ಚ ಅದಕ್ಕಿಂತ ಬಹಳ ಕಡಿಮೆ.

ಪಾಲ್ಮಿಟಿಕ್ ಆಮ್ಲ ಹೀಗೆ ಸಿದ್ಧವಾದ ಮೇಲೆ ಎಸ್‌ಸಿಡಿ-1 ಎಂಬ ಕಿಣ್ವ ಇಂಥ ಪರ್ಯಾಪ್ತ (ಜೋಡಿಬಂಧವಿಲ್ಲದ) ಕೊಬ್ಬಿನಾಮ್ಲಗಳಲ್ಲಿ ಒಂದು ಜೋಡಿಬಂಧವನ್ನು ತಂದು ಅವನ್ನು ಮೃದುವಾಗಿಸುತ್ತದೆ. ಆಮೇಲೆ ಮೂರು ಕೊಬ್ಬಿನಾಮ್ಲಗಳನ್ನು ಗ್ಲಿಸರಾಲ್ ಬೆನ್ನೆಲುಬಿಗೆ ಒಂದೊಂದಾಗಿ ಕಟ್ಟುವ ಕೆಲಸ. ಆರಂಭದಲ್ಲಿ ಹೇಳಿದ ಎಜಿಪಿಎಟಿ-2 ಇರುವುದು ಇಲ್ಲಿ. ಮೂರನೆಯ ಮತ್ತು ಕೊನೆಯ ಕೊಬ್ಬಿನಾಮ್ಲವನ್ನು ಕಟ್ಟುವವು ಡಿಜಿಎಟಿ-1 ಮತ್ತು ಡಿಜಿಎಟಿ-2. ಅಲ್ಲಿಗೆ ಟ್ರೈಗ್ಲಿಸರೈಡ್ ಸಿದ್ಧ. ತಿಂದ ಕೊಬ್ಬೂ ಕೂಡಿಡುವ ಮೊದಲು ಈ ಕೊನೆಯ ಹೆಜ್ಜೆಗಳನ್ನು ದಾಟಲೇಬೇಕು ಎಂಬುದನ್ನು ಮರೆಯಬಾರದು. ಕರುಳಿನ ಗೋಡೆಯಲ್ಲಿ ಕೊಬ್ಬು ಒಡೆದು ಒಳಗೆ ಬಂದು ಮತ್ತೆ ಕಟ್ಟಿಕೊಳ್ಳುತ್ತದೆ. ಕೊಬ್ಬಿನ ಕೋಶದ ಬಾಗಿಲಲ್ಲಿ ಇನ್ನೊಮ್ಮೆ ಒಡೆದು ಇನ್ನೊಮ್ಮೆ ಕಟ್ಟಿಕೊಳ್ಳುತ್ತದೆ.

ಈ ಸಾಲಿನಲ್ಲಿ ಸಂಶೋಧಕರನ್ನು ಹೆಚ್ಚು ಸೆಳೆದದ್ದು ಮೆಲೋನೈಲ್ ಕೋ-ಎ. 1958ರಲ್ಲಿ ಜೀವರಸಾಯನ ವಿಜ್ಞಾನಿ ಸಾಲಿಹ್ ವಾಕಿಲ್ ಅವರು ಇದನ್ನು ಕೊಬ್ಬಿನಾಮ್ಲ ತಯಾರಿಕೆಯ ಕಚ್ಚಾವಸ್ತುವೆಂದು ತೋರಿಸಿದ್ದರು. ಆದರೆ ಅದು ಬರೀ ಕಚ್ಚಾವಸ್ತುವಲ್ಲ, ಕೋಶದೊಳಗಿನ ಒಂದು ಸಂಕೇತವೂ ಹೌದು ಎಂದು 1977ರಲ್ಲಿ ಡೆನಿಸ್ ಮೆಕ್‌ಗ್ಯಾರಿ ಮತ್ತು ಡೇನಿಯಲ್ ಫಾಸ್ಟರ್ ಕಂಡುಕೊಂಡರು. ಕೊಬ್ಬಿನಾಮ್ಲಗಳು ಉರಿಯಲೆಂದು ಮೈಟೊಕಾಂಡ್ರಿಯದೊಳಗೆ ಹೋಗುವ ಬಾಗಿಲಿನಲ್ಲಿ ಸಿಪಿಟಿ-1 ಎಂಬ ಕಿಣ್ವವಿದೆ. ಮೆಲೋನೈಲ್ ಕೋ-ಎ ಅದನ್ನು ಮುಚ್ಚುತ್ತದೆ. ಕೊಬ್ಬು ಕಟ್ಟುವ ಹೊತ್ತಿನಲ್ಲಿ ಕೊಬ್ಬು ಉರಿಯಬಾರದು ಎಂಬ ಈ ವ್ಯವಸ್ಥೆಯಲ್ಲಿ ಎಷ್ಟೊಂದು ವಿವೇಕವಿದೆ! ಎಸಿಸಿಯಲ್ಲಿ ಎರಡು ರೂಪಗಳಿವೆ. ಮೊದಲನೆಯದು ಕೋಶದ್ರವದಲ್ಲಿದ್ದು ಕೊಬ್ಬು ಕಟ್ಟಲು ಬೇಕಾದ ಮೆಲೋನೈಲ್ ಕೋ-ಎ ಒದಗಿಸುತ್ತದೆ. ಎರಡನೆಯದು ಮೈಟೊಕಾಂಡ್ರಿಯದ ಹೊರಪೊರೆಗೆ ಅಂಟಿಕೊಂಡಿದ್ದು ಆ ಬಾಗಿಲನ್ನು ಕಾಯುತ್ತದೆ.

ಹಾಗಾದರೆ ಎರಡನೆಯ ರೂಪವನ್ನು ತೆಗೆದುಹಾಕಿದರೆ ಬಾಗಿಲು ಸದಾ ತೆರೆದಿದ್ದು, ಕೊಬ್ಬು ಉರಿದು, ಮೈ ತೆಳ್ಳಗಾಗಬೇಕಲ್ಲವೇ? 2001ರಲ್ಲಿ ವಾಕಿಲ್ ಅವರ ತಂಡ ಎಸಿಸಿ-2 ಇಲ್ಲದ ಇಲಿಗಳನ್ನು ಬೆಳೆಸಿ, ಅವು ಹೆಚ್ಚು ತಿಂದರೂ ತೆಳ್ಳಗಿವೆ ಎಂದು ವರದಿ ಮಾಡಿದಾಗ ಜಗತ್ತಿನಾದ್ಯಂತ ಆಸೆ ಚಿಗುರಿತು. ಆದರೆ 2010ರಲ್ಲಿ ಬೇರೆ ಎರಡು ತಂಡಗಳು ಅದೇ ವಂಶವಾಹಿಯನ್ನು ತೆಗೆದ ತಮ್ಮ ಇಲಿಗಳಲ್ಲಿ ತೂಕದ ವ್ಯತ್ಯಾಸವನ್ನು ಕಾಣಲಿಲ್ಲ. ಕೊಬ್ಬು ಹೆಚ್ಚು ಉರಿಯುತ್ತಿತ್ತು ಎಂಬುದು ಅಲ್ಲಿಯೂ ನಿಜವಾಗಿತ್ತು, ಆದರೆ ಅದಕ್ಕೆ ತಕ್ಕಂತೆ ಸಕ್ಕರೆ ಕಡಿಮೆ ಉರಿಯುತ್ತಿತ್ತು. ಇಡೀ ಚರ್ಚೆಯಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸುವ ಪಾಠವಿದು. ದೇಹ ಎಷ್ಟು ಇಂಧನವನ್ನು ಉರಿಸುತ್ತದೆ ಎಂಬುದನ್ನು ಅದರ ಕೆಲಸ ನಿರ್ಧರಿಸುತ್ತದೆ. ಹೃದಯ ಬಡಿಯಬೇಕು, ಮೈ ಬೆಚ್ಚಗಿರಬೇಕು, ಸ್ನಾಯು ಚಲಿಸಬೇಕು. ಕಿಣ್ವ ಬದಲಾಯಿಸಿದ್ದು ಯಾವ ಇಂಧನ ಉರಿಯಬೇಕು ಎಂಬುದನ್ನು. ಒಟ್ಟು ಖರ್ಚು ಇದ್ದಷ್ಟೇ ಇತ್ತು. ಒಳಬರುವ ಆಹಾರ ಮತ್ತು ಹೊರಹೋಗುವ ಶಕ್ತಿ ಎರಡೂ ಬದಲಾಗದೆ ಉಳಿದಾಗ ಕೊಬ್ಬು ಕರಗಿ ಹೋಗುವುದಾದರೂ ಎಲ್ಲಿಗೆ?

ಎಸ್‌ಸಿಡಿ-1 ಕಥೆ ಇದಕ್ಕಿಂತ ಸ್ವಾರಸ್ಯಕರ. 2002ರಲ್ಲಿ ಈ ಕಿಣ್ವವಿಲ್ಲದ ಇಲಿಗಳು ತೆಳ್ಳಗಿರುತ್ತವೆ, ಕೊಬ್ಬಿನ ಆಹಾರ ಕೊಟ್ಟರೂ ದಪ್ಪಗಾಗುವುದಿಲ್ಲ, ಹೆಚ್ಚು ಶಕ್ತಿಯನ್ನು ಉರಿಸುತ್ತವೆ ಎಂದು ಗೊತ್ತಾಯಿತು. ಇಲ್ಲಿ ಖರ್ಚೇ ಏರಿದ್ದರಿಂದ ಲೆಕ್ಕ ಕೂಡಿಬರುತ್ತಿತ್ತು. ಯಕೃತ್ತಿನಲ್ಲೋ ಕೊಬ್ಬಿನ ಅಂಗಾಂಶದಲ್ಲೋ ಏನೋ ಅದ್ಭುತ ನಡೆಯುತ್ತಿರಬೇಕೆಂದು ಹಲವರು ಭಾವಿಸಿದರು. ಆದರೆ ಆ ಇಲಿಗಳನ್ನು ಕಣ್ಣಾರೆ ಕಂಡರೆ ಬೇರೆಯದೇ ಸುಳಿವು ಸಿಗುತ್ತಿತ್ತು: ರೋಮ ತೆಳುವಾಗಿತ್ತು, ಚರ್ಮ ಒಣಗಿತ್ತು, ಕಣ್ಣಿನ ಅಂಚು ಬತ್ತಿ ರೆಪ್ಪೆಗಳು ಕಿರಿದಾಗಿದ್ದವು. ಚರ್ಮಕ್ಕೆ ಎಣ್ಣೆ ಸೂಸುವ ಗ್ರಂಥಿಗಳು ಕ್ಷೀಣಿಸಿದ್ದವು. 2009ರಲ್ಲಿ ಚರ್ಮದಲ್ಲಿ ಮಾತ್ರ ಈ ಕಿಣ್ವವನ್ನು ತೆಗೆದು ನೋಡಿದಾಗ, ಬೇರೆಲ್ಲ ಅಂಗಗಳಲ್ಲಿ ಕಿಣ್ವ ಇದ್ದರೂ ಇಲಿಗಳು ಹಾಗೆಯೇ ತೆಳ್ಳಗಾದವು. ಎಣ್ಣೆಯ ಹೊದಿಕೆ ಕಳೆದುಕೊಂಡ ಚರ್ಮದಿಂದ ಶಾಖ ಸೋರಿಹೋಗುತ್ತಿತ್ತು, ಮೈಯನ್ನು ಬೆಚ್ಚಗಿಡಲು ಆ ಪುಟ್ಟ ಪ್ರಾಣಿ ತನ್ನ ಕೊಬ್ಬನ್ನು ಹಗಲಿರುಳು ಸುಡುತ್ತಿತ್ತು. ಬೊಜ್ಜಿಗೆ ಮದ್ದು ಎಂದುಕೊಂಡದ್ದರ ಬಹುಪಾಲು ಚಳಿಯಿಂದ ಬಂದ ಸಂಕಟವಾಗಿತ್ತು. ಅಷ್ಟು ಚಿಕ್ಕ ಪ್ರಾಣಿಯಲ್ಲಿ ತೂಕಕ್ಕೆ ಹೋಲಿಸಿದರೆ ಮೈಯ ಮೇಲ್ಮೈ ಬಹಳ ಹೆಚ್ಚು, ಆದ್ದರಿಂದ ಶಾಖದ ನಷ್ಟ ಅದರ ಶಕ್ತಿಯ ಲೆಕ್ಕವನ್ನು ಬೇಗ ಬುಡಮೇಲು ಮಾಡುತ್ತದೆ. ಬಟ್ಟೆ ತೊಟ್ಟು, ಗೋಡೆಗಳ ನಡುವೆ ಬದುಕುವ ಮನುಷ್ಯನಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲು ಆಗದು.

ಡಿಜಿಎಟಿ-1ರ ಕಥೆ ಮನುಷ್ಯರವರೆಗೂ ಬಂತು. ಅದಿಲ್ಲದ ಇಲಿಗಳು ಕೊಬ್ಬಿನ ಆಹಾರ ತಿಂದರೂ ದಪ್ಪಗಾಗುವುದಿಲ್ಲ ಎಂದು 2000ದಲ್ಲಿ ಪ್ರಕಟವಾಗಿತ್ತು. ಮುಂದೆ ಆ ಇಲಿಗಳ ಕರುಳಿಗೆ ಮಾತ್ರ ಕಿಣ್ವವನ್ನು ಮರಳಿ ಕೊಟ್ಟಾಗ ಅವು ಮತ್ತೆ ದಪ್ಪಗಾದವು, ಅಂದರೆ ಗುಟ್ಟು ಹೆಚ್ಚಾಗಿ ಕರುಳಿನಲ್ಲೇ ಇತ್ತು. ಔಷಧ ಕಂಪನಿಗಳು ಈ ಕಿಣ್ವವನ್ನು ತಡೆಯುವ ಗುಳಿಗೆಗಳನ್ನು ಸಿದ್ಧಪಡಿಸಿ ಸ್ವಯಂಸೇವಕರಿಗೆ ಕೊಟ್ಟಾಗ ಓಕರಿಕೆ ಮತ್ತು ಭೇದಿಯಿಂದ ಅವರು ಬಳಲಿದರು. ಪ್ರಯೋಗಗಳು ಬಹಳ ದೂರ ಸಾಗಲಿಲ್ಲ. ಕಾರಣವೂ ತಿಳಿಯಿತು. ಇಲಿಯ ಕರುಳಿನಲ್ಲಿ ಡಿಜಿಎಟಿ-1 ಇಲ್ಲದಿದ್ದರೆ ಡಿಜಿಎಟಿ-2 ಸ್ವಲ್ಪಮಟ್ಟಿಗೆ ಆ ಕೆಲಸವನ್ನು ನಿಭಾಯಿಸುತ್ತದೆ. ಮನುಷ್ಯರ ಕರುಳು ಬಹುತೇಕ ಡಿಜಿಎಟಿ-1ನ್ನೇ ನಂಬಿಕೊಂಡಿದೆ. ಈ ವಂಶವಾಹಿ ಕೆಟ್ಟು ಹುಟ್ಟಿದ ಮಕ್ಕಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀವ್ರ ಭೇದಿಗೆ ತುತ್ತಾದದ್ದನ್ನು 2012ರಲ್ಲಿ ವೈದ್ಯರು ವರದಿ ಮಾಡಿದರು. ಇಲಿಯಲ್ಲಿ ವರವಾಗಿ ಕಂಡದ್ದು ಮಗುವಿನಲ್ಲಿ ಶಾಪವಾಗಿತ್ತು.

ಇನ್ನು ಕೆಲವು ಕಿಣ್ವಗಳನ್ನು ಪೂರ್ತಿ ತೆಗೆದರೆ ಪ್ರಾಣಿಯೇ ಉಳಿಯುವುದಿಲ್ಲ. ಫ್ಯಾಟಿ ಆಸಿಡ್ ಸಿಂಥೇಸ್ ಅಥವಾ ಎಸಿಸಿ-1 ಇಲ್ಲದ ಇಲಿಗಳು ಭ್ರೂಣದ ಹಂತದಲ್ಲೇ ಸಾಯುತ್ತವೆ, ಡಿಜಿಎಟಿ-2 ಇಲ್ಲದವು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ. ಕೋಶಪೊರೆಗೂ ಚರ್ಮದ ತಡೆಗೋಡೆಗೂ ಕೊಬ್ಬು ಬೇಕು. ಇವುಗಳನ್ನು ಬೊಜ್ಜಿನ ಕಿಣ್ವಗಳೆಂದು ಕರೆಯುವುದೇ ಸರಿಯಲ್ಲವೆಂದು ನನಗನ್ನಿಸುವುದು ಇದೇ ಕಾರಣಕ್ಕೆ.

ಇಲ್ಲೊಂದು ಮೂಲಭೂತ ಪ್ರಶ್ನೆ ಉಳಿದಿದೆ: ಮನುಷ್ಯನ ಮೈಯಲ್ಲಿ ಕೂಡಿದ ಕೊಬ್ಬಿನಲ್ಲಿ ಈ ಕಿಣ್ವಗಳು ಹೊಸದಾಗಿ ಕಟ್ಟಿದ್ದು ಎಷ್ಟು? ಸಾಮಾನ್ಯ ಮಿಶ್ರ ಆಹಾರ ತಿನ್ನುವ ವಯಸ್ಕರಲ್ಲಿ ಬಹಳ ಕಡಿಮೆ. ನಮ್ಮ ಮೈಯ ಕೊಬ್ಬಿನ ಹೆಚ್ಚಿನ ಪಾಲು ತಿಂದ ಕೊಬ್ಬಿನಿಂದಲೇ ಬಂದದ್ದು. ಪಿಷ್ಟ, ಸಕ್ಕರೆಗಳನ್ನು ಹೆಚ್ಚು ತಿಂದಾಗ ದೇಹ ಮೊದಲು ಅವನ್ನೇ ಉರಿಸುತ್ತದೆ, ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ತಿಂದ ಕೊಬ್ಬು ಉರಿಯದೆ ಕೊಬ್ಬಿನ ಕೋಶಗಳೆಂಬ ಕಣಜ ಸೇರುತ್ತದೆ. 1988ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ವಯಂಸೇವಕರಿಗೆ ದಿನಗಟ್ಟಲೆ ವಿಪರೀತ ಪ್ರಮಾಣದ ಕಾರ್ಬೋಹೈಡ್ರೇಟ್ ತಿನ್ನಿಸಿದರು. ಮೈಯ ಗ್ಲೈಕೋಜನ್ ಸಂಗ್ರಹ ಸುಮಾರು 500 ಗ್ರಾಂ ಏರುವವರೆಗೂ ಕಾರ್ಬೋಹೈಡ್ರೇಟ್‌ನಿಂದ ಹೊಸ ಕೊಬ್ಬು ಮೈಗೆ ಸೇರಲಿಲ್ಲ. ಆ ಸಂಗ್ರಹ ತುಂಬಿದ ಮೇಲೆ ಮಾತ್ರ ಯಂತ್ರ ಪೂರ್ಣ ವೇಗದಲ್ಲಿ ಓಡಿ, ದಿನಕ್ಕೆ ಸುಮಾರು 475 ಗ್ರಾಂ ಕಾರ್ಬೋಹೈಡ್ರೇಟನ್ನು ಬಳಸಿಕೊಂಡು 150 ಗ್ರಾಂ ಕೊಬ್ಬು ಕಟ್ಟಿತು. ಸಾಮರ್ಥ್ಯ ಇದೆ, ಆದರೆ ನಿತ್ಯದ ಬದುಕಿನಲ್ಲಿ ಅದರ ಪೂರ್ಣ ಬಳಕೆ ವಿರಳ. ಆದ್ದರಿಂದ ತೂಕ ಏರುವುದರ ಮುಖ್ಯ ಹೊಣೆಯನ್ನು ಈ ಕಿಣ್ವಗಳ ತಲೆಗೆ ಕಟ್ಟುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ಆದರೆ ಯಕೃತ್ತಿಗೆ ಬಂದರೆ ಚಿತ್ರ ಬದಲಾಗುತ್ತದೆ. ಫ್ಯಾಟಿ ಲಿವರ್ ಇರುವವರ ಯಕೃತ್ತಿನ ಕೊಬ್ಬು ಎಲ್ಲಿಂದ ಬಂತೆಂದು ಗುರುತುಹಚ್ಚಿದ ಅಣುಗಳ ನೆರವಿನಿಂದ ಪತ್ತೆಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಶೇ 59ರಷ್ಟು ಕೊಬ್ಬಿನ ಕೋಶಗಳಿಂದ ಸೋರಿ ರಕ್ತದ ಮೂಲಕ ಬಂದದ್ದು, ಶೇ 15ರಷ್ಟು ಆಹಾರದ ಕೊಬ್ಬಿನಿಂದ ನೇರವಾಗಿ ಬಂದದ್ದು, ಉಳಿದ ಶೇ 26ರಷ್ಟು ಯಕೃತ್ತು ತಾನೇ ಹೊಸದಾಗಿ ಕಟ್ಟಿದ್ದು. ಇನ್ನೊಂದು ತಂಡ 2014ರಲ್ಲಿ, ಯಕೃತ್ತಿನಲ್ಲಿ ಕೊಬ್ಬು ಹೆಚ್ಚಿರುವವರಲ್ಲಿ ಹೀಗೆ ಹೊಸದಾಗಿ ಕಟ್ಟಿದ ಪಾಲು ಸುಮಾರು ಶೇ 23ರಷ್ಟಿದ್ದರೆ, ತೂಕದಲ್ಲಿ ಅವರಂತೆಯೇ ಇದ್ದೂ ಯಕೃತ್ತಿನ ಕೊಬ್ಬು ಕಡಿಮೆ ಇರುವವರಲ್ಲಿ ಶೇ 10ರಷ್ಟು ಮಾತ್ರ ಎಂದು ತೋರಿಸಿತು. ಕಿಣ್ವಗಳ ಪ್ರಭಾವ ನಿಜವಾಗಿ ಕಾಣುವುದು ಇಲ್ಲಿ.

ಯಕೃತ್ತಿನಲ್ಲಿ ಈ ಯಂತ್ರವನ್ನು ಓಡಿಸುವ ಒಡೆಯರು ಇಬ್ಬರು. ಎಸ್‌ಆರ್‌ಇಬಿಪಿ-1ಸಿ ಎಂಬ ಪ್ರೋಟೀನು ಇನ್ಸುಲಿನ್ನಿನ ಆಜ್ಞೆಯಂತೆ ಕೊಬ್ಬು ಕಟ್ಟುವ ಕಿಣ್ವಗಳ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಸಿಎಚ್‌ಆರ್‌ಇಬಿಪಿ ಎಂಬ ಇನ್ನೊಂದು ಪ್ರೋಟೀನು ಕೋಶದೊಳಗಿನ ಸಕ್ಕರೆಯ ಮಟ್ಟವನ್ನು ಅರಿತು ಅದೇ ಕೆಲಸ ಮಾಡುತ್ತದೆ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ವಿಶೇಷವಾಗಿ ಈ ದಾರಿಗೆ ಹತ್ತಿರ, ಏಕೆಂದರೆ ಗ್ಲೂಕೋಸ್ ಯಕೃತ್ತಿನಲ್ಲಿ ಎದುರಿಸುವ ಮುಖ್ಯ ನಿಯಂತ್ರಣದ ಹೆಜ್ಜೆಯನ್ನು ಅದು ದಾಟಿಕೊಂಡೇ ಹೋಗುತ್ತದೆ. 2020ರಲ್ಲಿ ಇನ್ನೊಂದು ಅಡ್ಡದಾರಿಯೂ ಇಲಿಗಳಲ್ಲಿ ಕಂಡಿತು: ಯಕೃತ್ತಿನಿಂದ ಎಸಿಎಲ್‌ವೈ ಕಿಣ್ವವನ್ನು ತೆಗೆದರೂ ಫ್ರಕ್ಟೋಸ್ ತಿಂದ ಇಲಿಗಳಲ್ಲಿ ಕೊಬ್ಬು ಕಟ್ಟುವುದು ನಿಲ್ಲಲಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಫ್ರಕ್ಟೋಸನ್ನು ಅಸಿಟೇಟ್ ಮಾಡಿ ಕಳಿಸುತ್ತಿದ್ದವು, ಬೇರೊಂದು ಕಿಣ್ವ ಅದರಿಂದಲೇ ಅಸಿಟೈಲ್ ಕೋ-ಎ ಮಾಡಿಕೊಳ್ಳುತ್ತಿತ್ತು. ಒಂದು ಬಾಗಿಲು ಮುಚ್ಚಿದರೆ ದೇಹ ಹಿತ್ತಿಲ ಬಾಗಿಲು ಹುಡುಕಿಕೊಳ್ಳುತ್ತದೆ.

ಇನ್ಸುಲಿನ್ ಪ್ರತಿರೋಧದ ವಿಚಾರದಲ್ಲಿ ಬಹುಕಾಲ ಒಂದು ಒಗಟಿತ್ತು. ಯಕೃತ್ತಿಗೆ ಇನ್ಸುಲಿನ್ ಎರಡು ಆಜ್ಞೆಗಳನ್ನು ಕೊಡುತ್ತದೆ: ಸಕ್ಕರೆ ಬಿಡುಗಡೆ ಮಾಡುವುದನ್ನು ನಿಲ್ಲಿಸು, ಕೊಬ್ಬು ಕಟ್ಟುವುದನ್ನು ಆರಂಭಿಸು. ಯಕೃತ್ತು ಇನ್ಸುಲಿನ್ನಿನ ಮಾತು ಕೇಳದಂತಾದರೆ ಎರಡೂ ಕೆಡಬೇಕಿತ್ತು. ಆದರೆ ಟೈಪ್ 2 ಮಧುಮೇಹದಲ್ಲಿ ಮೊದಲನೆಯದು ಮಾತ್ರ ಕೆಡುತ್ತದೆ, ಎರಡನೆಯದು ನಡೆದೇ ಇರುತ್ತದೆ. ಸಕ್ಕರೆ ಇಳಿಯದ್ದರಿಂದ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಆ ಹೆಚ್ಚಿನ ಇನ್ಸುಲಿನ್ ಕೊಬ್ಬು ಕಟ್ಟುವ ಯಂತ್ರವನ್ನು ಮತ್ತಷ್ಟು ಓಡಿಸುತ್ತದೆ. 2008ರಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಇದನ್ನು ಆಯ್ದ ಪ್ರತಿರೋಧವೆಂದು ವಿವರಿಸಿದರು. ಈ ವಿವರಣೆಗೆ ಬಲ ಕೊಡುವ ಸಾಕ್ಷ್ಯ ಇನ್ನೊಂದು ಅಪರೂಪದ ಕಾಯಿಲೆಯಿಂದ ಬಂತು. ಇನ್ಸುಲಿನ್ ಗ್ರಾಹಕವೇ ಹುಟ್ಟಿನಿಂದ ಕೆಟ್ಟವರಲ್ಲಿ ಎರಡೂ ಆಜ್ಞೆಗಳು ತಲುಪುವುದಿಲ್ಲ. ಅವರಿಗೆ ತೀವ್ರ ಇನ್ಸುಲಿನ್ ಪ್ರತಿರೋಧ ಇದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿರುವುದಿಲ್ಲ, ರಕ್ತದ ಟ್ರೈಗ್ಲಿಸರೈಡ್ ಏರಿರುವುದಿಲ್ಲ.

ಕೊಬ್ಬಿನ ಕೋಶದಲ್ಲಿ ಇದೇ ಕಿಣ್ವಗಳ ನಡತೆ ತಿರುವುಮುರುವಾಗಿದೆ. ಬೊಜ್ಜು ಹೆಚ್ಚಿ ಇನ್ಸುಲಿನ್ ಪ್ರತಿರೋಧ ಬಂದಾಗ ಯಕೃತ್ತಿನಲ್ಲಿ ಅವು ಚುರುಕಾಗುತ್ತವೆ, ಕೊಬ್ಬಿನ ಅಂಗಾಂಶದಲ್ಲಿ ಮಂಕಾಗುತ್ತವೆ. 2012ರಲ್ಲಿ ಬಾರ್ಬರಾ ಕಾನ್ ಅವರ ತಂಡ, ಕೊಬ್ಬಿನ ಅಂಗಾಂಶದಲ್ಲಿ ಸಿಎಚ್‌ಆರ್‌ಇಬಿಪಿ ಚುರುಕಾಗಿರುವ ಮನುಷ್ಯರ ದೇಹ ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುತ್ತದೆ ಎಂದು ತೋರಿಸಿತು. ಕೊಬ್ಬಿನ ಕೋಶ ತಾನು ಕಟ್ಟಿದ ಕೆಲವು ವಿಶೇಷ ಕೊಬ್ಬಿನಾಮ್ಲಗಳನ್ನು ಬಳಸಿ ಇತರ ಅಂಗಗಳಿಗೆ ಹಿತವಾದ ಸಂಕೇತ ಕಳಿಸುತ್ತದೆ ಎಂಬುದಕ್ಕೂ ಆಮೇಲಿನ ವರ್ಷಗಳಲ್ಲಿ ಪುರಾವೆ ಸಿಕ್ಕಿತು. ಅದೇ ಕಿಣ್ವ, ಅದೇ ಕೆಲಸ. ಜಾಗ ಬದಲಾದಾಗ ಫಲವೂ ಬದಲಾಯಿತು. ಕಣಜದಲ್ಲಿ ತುಂಬಿಟ್ಟ ಧಾನ್ಯ ಮನೆಯನ್ನು ಕಾಪಾಡುತ್ತದೆ, ಅದನ್ನೇ ಅಡುಗೆಮನೆಯಲ್ಲಿ ರಾಶಿ ಹಾಕಿದರೆ ಅಡುಗೆಯೇ ನಡೆಯದು.

ಕಣಜಕ್ಕೂ ಮಿತಿ ಇದೆ. ವಯಸ್ಕರಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ, ವರ್ಷಕ್ಕೆ ಸುಮಾರು ಶೇ 10ರಷ್ಟು ಸತ್ತು ಹೊಸವು ಬರುತ್ತವೆ ಎಂದು 2008ರ ಅಧ್ಯಯನವೊಂದು ಕಂಡುಕೊಂಡಿತು. ಪರಮಾಣು ಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿದ್ದ ಇಂಗಾಲ-14ರ ಗುರುತನ್ನು ಕೋಶಗಳ ಡಿಎನ್‌ಎಯಲ್ಲಿ ಹುಡುಕಿ ಈ ಲೆಕ್ಕ ಹಾಕಿದ್ದರು. ಇರುವ ಕೋಶಗಳು ಹಿಗ್ಗಿ ಹಿಗ್ಗಿ ಸಾಕಾದ ಮೇಲೆ ಕೊಬ್ಬಿನಾಮ್ಲಗಳು ಸೋರತೊಡಗುತ್ತವೆ, ಆಗ ಯಕೃತ್ತು, ಸ್ನಾಯುಗಳು ಅವುಗಳಿಗೆ ತಂಗುದಾಣವಾಗುತ್ತವೆ. ಯಾರ ಕಣಜ ಎಷ್ಟು ದೊಡ್ಡದು ಎಂಬುದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಹೆಚ್ಚು ತೂಕವಿದ್ದೂ ಯಕೃತ್ತು ಸ್ವಚ್ಛವಾಗಿರುವವರು, ಹೆಚ್ಚು ದಪ್ಪವಿಲ್ಲದೆಯೂ ಮಧುಮೇಹಕ್ಕೆ ಒಳಗಾದವರು ನಮ್ಮ ನಡುವೆ ಇರುವುದು ಇದರಿಂದ. ತೂಕದ ಯಂತ್ರ ಮೈಯಲ್ಲಿ ಕೊಬ್ಬು ಎಲ್ಲಿದೆ ಎಂಬುದನ್ನು ಹೇಳಲಾರದು, ಮತ್ತು ದಪ್ಪಗಿರುವವರನ್ನು ಕಂಡ ಕೂಡಲೇ ಅವರ ಆರೋಗ್ಯದ ಬಗ್ಗೆ ತೀರ್ಪು ಕೊಡುವ ನಮ್ಮ ಅಭ್ಯಾಸಕ್ಕೆ ವಿಜ್ಞಾನದ ಬೆಂಬಲವಿಲ್ಲ.

2008ರಲ್ಲೇ ಪತ್ತೆಯಾದ ಪಿಎನ್‌ಪಿಎಲ್‌ಎ-3 ಎಂಬ ವಂಶವಾಹಿಯ ರೂಪಾಂತರವೂ ಈ ಎರಡು ಲೆಕ್ಕಗಳು ಬೇರೆ ಎಂಬುದನ್ನು ಗಟ್ಟಿಮಾಡುತ್ತದೆ. ಆ ಪ್ರೋಟೀನಿನ 148ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಯಕೃತ್ತಿನ ಕೊಬ್ಬಿನ ಹನಿಗಳು ಸರಿಯಾಗಿ ಕರಗುವುದಿಲ್ಲ; ಕೊಬ್ಬು ಕೂಡುತ್ತದೆ, ಯಕೃತ್ತು ಗಾಯಗೊಂಡು ಗಡುಸಾಗುವ ಅಪಾಯ ಏರುತ್ತದೆ, ಆದರೆ ಈ ರೂಪಾಂತರ ಮೈತೂಕವನ್ನು ಏರಿಸುವುದಿಲ್ಲ.

ಇಷ್ಟು ತಿಳಿದ ಮೇಲೆ ಯಕೃತ್ತಿನಲ್ಲಿ ಮಾತ್ರ ಕಿಣ್ವವನ್ನು ತಡೆದರಾಯಿತು ಎನ್ನಿಸುವುದು ಸಹಜ. ಅದೂ ಸರಳವಾಗಿಲ್ಲ. 2005ರಲ್ಲಿ ಯಕೃತ್ತಿನಿಂದ ಮಾತ್ರ ಫ್ಯಾಟಿ ಆಸಿಡ್ ಸಿಂಥೇಸ್ ತೆಗೆದ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟಾಗ ಅವುಗಳ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಿತು, ರಕ್ತದ ಸಕ್ಕರೆ ಕುಸಿಯಿತು. ಹೊಸದಾಗಿ ಕಟ್ಟಿದ ಕೊಬ್ಬು ಒಂದು ಸಂದೇಶವನ್ನೂ ಹೊತ್ತಿರುತ್ತದೆ. ಹಳೆಯ ಕೊಬ್ಬನ್ನು ಉರಿಸುವ ವ್ಯವಸ್ಥೆ ಆ ಸಂದೇಶ ಬರದಿದ್ದರೆ ಮಂಕಾಗುತ್ತದೆ. ಆಹಾರದಲ್ಲಿ ಕೊಬ್ಬು ಸೇರಿಸಿದಾಗ ಇಲಿಗಳು ಚೇತರಿಸಿಕೊಂಡವು.

ಮನುಷ್ಯರಲ್ಲಿ ನಡೆದ ಪ್ರಯೋಗವೂ ಇಂಥದೇ ಬೆರಗನ್ನು ತಂದಿತು. ಯಕೃತ್ತಿನ ಎಸಿಸಿಯ ಎರಡೂ ರೂಪಗಳನ್ನು ತಡೆಯುವ ಎಂಕೆ-4074 ಎಂಬ ಔಷಧವನ್ನು ಫ್ಯಾಟಿ ಲಿವರ್ ಇರುವವರಿಗೆ ಒಂದು ತಿಂಗಳು ಕೊಟ್ಟ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಯಕೃತ್ತಿನ ಕೊಬ್ಬು ಶೇ 36ರಷ್ಟು ಇಳಿಯಿತು. ಅದೇ ಹೊತ್ತಿಗೆ ರಕ್ತದ ಟ್ರೈಗ್ಲಿಸರೈಡ್ ಶೇ 200ರಷ್ಟು ಏರಿತು. ಸಂಶೋಧಕರು ಇಲಿಗಳಲ್ಲಿ ಕಾರಣ ಹುಡುಕಿದಾಗ ತಿಳಿದದ್ದು: ಮೆಲೋನೈಲ್ ಕೋ-ಎ ಇಲ್ಲದೆ ಬಹು ಅಪರ್ಯಾಪ್ತ (ಹಲವು ಜೋಡಿಬಂಧಗಳಿರುವ) ಕೊಬ್ಬಿನಾಮ್ಲಗಳ ಸರಪಳಿಯನ್ನು ಉದ್ದ ಮಾಡಲೂ ಆಗುವುದಿಲ್ಲ. ಸಾಮಾನ್ಯವಾಗಿ ಎಸ್‌ಆರ್‌ಇಬಿಪಿ-1ಸಿಯನ್ನು ಹದ್ದುಬಸ್ತಿನಲ್ಲಿಡುವವು ಆ ಕೊಬ್ಬಿನಾಮ್ಲಗಳು. ಅವು ಕಡಿಮೆಯಾದಾಗ ಒಡೆಯ ಎಚ್ಚೆತ್ತು, ಟ್ರೈಗ್ಲಿಸರೈಡ್ ಕಟ್ಟಿ ರಕ್ತಕ್ಕೆ ಬಿಡುವ ಕೆಲಸವನ್ನು ಹೆಚ್ಚಿಸಿದ. ಯಕೃತ್ತಿಗೆ ಅನುಕೂಲವಾದದ್ದು ರಕ್ತನಾಳಗಳಿಗೆ ಹೊರೆಯಾಗಬಹುದೆಂಬ ಆತಂಕ ಅಂದಿನಿಂದ ಈ ಬಗೆಯ ಔಷಧಗಳನ್ನು ಬಿಟ್ಟಿಲ್ಲ.

ಈ ಸಾಲಿನ ಕಿಣ್ವವೊಂದನ್ನು ತಡೆದು ಬಳಕೆಗೆ ಬಂದ ಔಷಧವೂ ಇದೆ. ಎಸಿಎಲ್‌ವೈಯನ್ನು ತಡೆಯುವ ಬೆಂಪೆಡೋಯಿಕ್ ಆಮ್ಲಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಯಕೃತ್ತಿನಲ್ಲಿರುವ, ಸ್ನಾಯುಗಳಲ್ಲಿಲ್ಲದ ಇನ್ನೊಂದು ಕಿಣ್ವ ಅದನ್ನು ಸಕ್ರಿಯಗೊಳಿಸುವುದರಿಂದ ಅದು ಯಕೃತ್ತಿನಲ್ಲಿ ಕೆಲಸ ಮಾಡಿ ಸ್ನಾಯುಗಳನ್ನು ಬಿಟ್ಟುಬಿಡುತ್ತದೆ. ಆದರೆ ಅದನ್ನು ಕೊಡುವುದು ಕೊಲೆಸ್ಟರಾಲ್ ಇಳಿಸುವುದಕ್ಕೆ, ತೂಕ ಇಳಿಸುವುದಕ್ಕಲ್ಲ.

ತೂಕ ಇಳಿಸುವಲ್ಲಿ ನಿಜವಾದ ಯಶಸ್ಸು ಬಂದದ್ದು ಬೇರೆ ದಿಕ್ಕಿನಿಂದ. ಕರುಳಿನ ಹಾರ್ಮೋನನ್ನು ಹೋಲುವ ಸೆಮಾಗ್ಲುಟೈಡ್ ಮೆದುಳಿನ ಹಸಿವಿನ ಕೇಂದ್ರಗಳ ಮೇಲೆ ಕೆಲಸ ಮಾಡುತ್ತದೆ; 2021ರಲ್ಲಿ ಪ್ರಕಟವಾದ 68 ವಾರಗಳ ಪ್ರಯೋಗದಲ್ಲಿ ಸರಾಸರಿ ತೂಕ ಶೇ 14.9ರಷ್ಟು ಇಳಿಯಿತು. ಕೊಬ್ಬು ಕಟ್ಟುವ ಯಾವ ಕಿಣ್ವವನ್ನೂ ಅದು ನೇರವಾಗಿ ತಡೆಯುವುದಿಲ್ಲ. ಒಳಬರುವುದು ಕಡಿಮೆಯಾದಾಗ ಕಿಣ್ವಗಳು ತಾವಾಗಿ ತಣ್ಣಗಾಗುತ್ತವೆ, ಯಕೃತ್ತಿನ ಕೊಬ್ಬೂ ಇಳಿಯುತ್ತದೆ. ಅಮೆರಿಕದಲ್ಲಿ 2025ರಲ್ಲಿ ಫ್ಯಾಟಿ ಲಿವರ್‌ನ ತೀವ್ರ ರೂಪಕ್ಕೂ ಈ ಔಷಧವನ್ನು ಬಳಸಲು ಅನುಮತಿ ದೊರೆಯಿತು. ಮೊದಲಲ್ಲಿ ಹೇಳಿದ ಮಕ್ಕಳ ಚಿಕಿತ್ಸೆಯ ತರ್ಕವೂ ಇದಕ್ಕೆ ಹತ್ತಿರವಾಗಿದೆ. ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಹಾರ್ಮೋನು ಅವರಲ್ಲಿ ಇರುವುದಿಲ್ಲ, ಹಾಗಾಗಿಯೇ ಹಸಿವು ತಣಿಯುವುದಿಲ್ಲ. ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಕಾಣೆಯಾದ ಕಣಜ ಮರಳಿ ಬರಲಿಲ್ಲ, ಆದರೆ ಹಸಿವು ಹದಕ್ಕೆ ಬಂದು, ಯಕೃತ್ತಿನ ಮತ್ತು ರಕ್ತದ ಕೊಬ್ಬು ಇಳಿದು, ಮಧುಮೇಹ ಹತೋಟಿಗೆ ಬಂತು. ಈ ಔಷಧಕ್ಕೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು.

ಕಿಣ್ವಗಳನ್ನು ತಡೆಯುವ ಸಂಶೋಧನೆ ಇದರಿಂದ ನಿಂತಿಲ್ಲ, ಗುರಿಯನ್ನು ಬದಲಿಸಿಕೊಂಡಿದೆ, ಮತ್ತು ಅದು ಸರಿಯಾದ ಬದಲಾವಣೆ ಎಂದು ನಾನು ಭಾವಿಸುತ್ತೇನೆ. ಫ್ಯಾಟಿ ಆಸಿಡ್ ಸಿಂಥೇಸನ್ನು ತಡೆಯುವ ಡೆನಿಫಾನ್‌ಸ್ಟಾಟ್ ಎಂಬ ಔಷಧ ಯಕೃತ್ತಿನ ಉರಿಯೂತಕ್ಕೆ ಸಂಬಂಧಿಸಿದ ಎರಡನೆಯ ಹಂತದ ಪ್ರಯೋಗದಲ್ಲಿ ಒಳ್ಳೆಯ ಫಲ ತೋರಿದ್ದು 2024ರಲ್ಲಿ ಪ್ರಕಟವಾಯಿತು. ಎಸಿಸಿ ತಡೆಯಿಂದ ರಕ್ತದ ಟ್ರೈಗ್ಲಿಸರೈಡ್ ಏರುವ ಸಮಸ್ಯೆಗೆ, ಅದರೊಂದಿಗೆ ಡಿಜಿಎಟಿ-2ನ್ನೂ ತಡೆಯುವ ಇನ್ನೊಂದು ಗುಳಿಗೆಯನ್ನು ಜೊತೆಮಾಡಿದಾಗ ಆ ಏರಿಕೆ ತಗ್ಗುವುದು 2021ರಲ್ಲಿ ಕಂಡುಬಂತು. ಹೆಚ್ಚಾದ ಟ್ರೈಗ್ಲಿಸರೈಡ್ ಕಟ್ಟಿಕೊಳ್ಳುವ ಕೊನೆಯ ಹೆಜ್ಜೆಯನ್ನೇ ಎರಡನೆಯ ಗುಳಿಗೆ ತಡೆದಿತ್ತು. ಈ ಪ್ರಯೋಗಗಳಲ್ಲಿ ಮುಖ್ಯವಾಗಿ ನೋಡಿದ್ದು ಯಕೃತ್ತಿನ ಸ್ಥಿತಿಯನ್ನು: ಮೊದಲನೆಯದರಲ್ಲಿ ಯಕೃತ್ತಿನ ಚೂರನ್ನು ತೆಗೆದು ಪರೀಕ್ಷಿಸಿದರು, ಎರಡನೆಯದರಲ್ಲಿ ಯಕೃತ್ತಿನ ಕೊಬ್ಬನ್ನು ಸ್ಕ್ಯಾನ್ ಯಂತ್ರದಲ್ಲಿ ಅಳೆದರು. ಗೆಲುವು ಸೋಲುಗಳನ್ನು ನಿರ್ಧರಿಸುವ ಕೆಲಸವನ್ನು ತೂಕದ ಯಂತ್ರಕ್ಕೆ ಒಪ್ಪಿಸಿರಲಿಲ್ಲ.